ಎರೆಹೊಲದ ಬಿರುಕು, ದೊಡ್ಡಪ್ಪನ ಮುಖ: ಬ್ಲೆಂಡ್ ಮೋಡ್‌ನಿಂದ ಸಾದಾ ಫೋಟೊಗೆ ಚಿತ್ರದ ಕಳೆ ತರೋದು

ನಮ್ಮ ಕಡೆ ತೆಗೆದ ಫೋಟೊಗಳಿಗೆ ಬಿಸಿಲೇ ದೊಡ್ಡ ತೊಂದರೆ. ಹನ್ನೊಂದು ಗಂಟೆ ದಾಟಿತು ಅಂದರೆ ಆಕಾಶ ಬಿಳಿಚಿಕೊಳ್ಳುತ್ತದೆ, ಬಂಡೆ ಬಿಳಿಚಿಕೊಳ್ಳುತ್ತದೆ, ಮನುಷ್ಯರ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಆನೆಗೊಂದಿಗೆ ಹೋಗಿ ಬಂದವರ ಫೋನ್ ತೆಗೆದು ನೋಡಿ. ಇನ್ನೂರು ಫೋಟೊ ಇರುತ್ತವೆ. ಅಂಜನಾದ್ರಿ ಬೆಟ್ಟ ಇರುತ್ತದೆ, ಹೊಳೆ ಇರುತ್ತದೆ, ಆದರೆ ಅಲ್ಲಿ ನಿಂತಾಗ ಮೈಗೆ ತಾಕಿದ ಆ ಕಾವು, ಆ ಬಂಡೆಯ ಒರಟು ಮೈ ಫೋಟೊದಲ್ಲಿ ಬಂದಿರೋದಿಲ್ಲ.

ರೆಡಿಮೇಡ್ ಫಿಲ್ಟರ್ ಒತ್ತಿದರೆ ಫೋಟೊ ಚೆಂದ ಕಾಣುತ್ತದೆ, ನಿಜ. ಆದರೆ ಅದೇ ಫಿಲ್ಟರನ್ನು ಮನಾಲಿಗೆ ಹೋದವರೂ ಒತ್ತುತ್ತಾರೆ, ಮಲ್ಪೆಗೆ ಹೋದವರೂ ಒತ್ತುತ್ತಾರೆ. ನಾನು ಎರಡು ವರ್ಷದಿಂದ ಬೇರೆ ದಾರಿ ಹಿಡಿದಿದ್ದೇನೆ. ನಮ್ಮೂರಿನ ನೆಲ, ಗೋಡೆ, ಬಟ್ಟೆ, ಚೀಲ ಇವುಗಳ ಫೋಟೊ ತೆಗೆದಿಟ್ಟುಕೊಂಡು, ಅವನ್ನು ಬೇರೆ ಫೋಟೊಗಳ ಮೇಲೆ ಬ್ಲೆಂಡ್ ಮೋಡ್‌ನಲ್ಲಿ, ಅಂದರೆ ಮೇಲಿನ ಫೋಟೊವನ್ನು ಕೆಳಗಿನದರ ಜೊತೆ ಬೆರೆಸುವ ಒಂದು ಲೆಕ್ಕದಲ್ಲಿ, ಹಾಸುತ್ತೇನೆ. ದುಡ್ಡು ಕೊಟ್ಟು ಟೆಕ್ಸ್ಚರ್ (ವಸ್ತುವಿನ ಮೈಯ ಒರಟು, ನೇಯ್ಗೆ ಕಾಣುವ ಫೋಟೊ) ಪ್ಯಾಕ್ ಕೊಳ್ಳೋದು ಬೇಡ. ಎಲ್ಲೋ ಯುರೋಪಿನ ಹಳೇ ಕಾಗದದ ಕಲೆ ನಮ್ಮ ಫೋಟೊಗೆ ಯಾಕೆ ಬೇಕು, ನಮ್ಮಲ್ಲೇ ಎರೆಮಣ್ಣು ಇಷ್ಟು ಚೆಂದ ಬಿರಿಯುವಾಗ?

ಉದಾಹರಣೆಗೆ ನನ್ನ ದೊಡ್ಡಪ್ಪನ ಒಂದು ಫೋಟೊ ಇದೆ. ಯಲಬುರ್ಗಾ ಕಡೆ ಅವರ ಹೊಲ. ಮನೆ ಬಾಗಿಲ ಪಕ್ಕ ಸುಣ್ಣದ ಗೋಡೆಗೆ ಒರಗಿ ನಿಂತಿದ್ದಾರೆ, ತಲೆಗೆ ಟವೆಲ್ ಸುತ್ತಿದ್ದಾರೆ, ಮಟಮಟ ಮಧ್ಯಾಹ್ನ. ತೀರಾ ಸಾದಾ ಫೋಟೊ. ಅದೇ ದಿನ ಅವರ ಹೊಲದಲ್ಲಿ ಬೇಸಿಗೆಗೆ ಬಾಯಿಬಿಟ್ಟ ನೆಲವನ್ನು ಬಗ್ಗಿ ಬಗ್ಗಿ ಫೋಟೊ ತೆಗೆಯುತ್ತಿದ್ದೆ. "ಯಾಕೋ ತಮ್ಮಾ, ನೆಲದ ಫೋಟಾ ಯಾಕ ತಗ್ಯಾಕತ್ತಿ?" ಅಂತ ಕೇಳಿದರು. ಆವಾಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಆ ಎರಡು ಫೋಟೊ ಒಂದರ ಮೇಲೊಂದು ಕೂತು ಆದ ಚಿತ್ರವೇ ಈಗ ಅವರ ಪಡಸಾಲೆಯ ಗೋಡೆ ಮೇಲಿದೆ. ಅದನ್ನು ಹೇಗೆ ಮಾಡಿದೆ ಅಂತ ಪೂರ್ತಿ ಹೇಳುತ್ತೇನೆ. ಅದಕ್ಕೂ ಮೊದಲು ಈ ಬ್ಲೆಂಡ್ ಮೋಡ್ ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ಹೆಚ್ಚಿನವರು ಇಲ್ಲೇ ಎಡವೋದು: ಲಿಸ್ಟ್‌ನಲ್ಲಿರುವ ಇಪ್ಪತ್ತೇಳು ಹೆಸರನ್ನೂ ಒಂದೊಂದಾಗಿ ಒತ್ತುತ್ತಾ ಹೋಗುತ್ತಾರೆ, ಯಾವುದೋ ಒಂದು ಹೊಂದಿದರೆ ಅಲ್ಲಿಗೆ ನಿಲ್ಲಿಸುತ್ತಾರೆ, ಮುಂದಿನ ಫೋಟೊಗೆ ಮತ್ತೆ ಮೊದಲಿಂದ ಶುರು.

ಕಿಟಕಿಗೆ ಹಿಡಿದ ಸ್ಲೈಡು, ಗೋಡೆಗೆ ಬಿಟ್ಟ ಬೆಳಕು

ಹಳೇ ಕಾಲದ ಸ್ಲೈಡ್ ಫಿಲ್ಮ್ ನೆನಪಿಸಿಕೊಳ್ಳಿ. ಎರಡು ಸ್ಲೈಡನ್ನು ಜೋಡಿಸಿ ಕಿಟಕಿ ಬೆಳಕಿಗೆ ಹಿಡಿದರೆ ಏನಾಗುತ್ತದೆ? ಮೊದಲನೆಯದು ಒಂದಷ್ಟು ಬೆಳಕು ತಡೆಯುತ್ತದೆ, ಉಳಿದದ್ದರಲ್ಲಿ ಎರಡನೆಯದು ಇನ್ನಷ್ಟು ತಡೆಯುತ್ತದೆ. ಹಾಗಾಗಿ ಚಿತ್ರ ಯಾವಾಗಲೂ ಕಪ್ಪಾಗುತ್ತದೆ. ಇದು ಮಲ್ಟಿಪ್ಲೈ. ಅದೇ ಎರಡು ಸ್ಲೈಡನ್ನು ಎರಡು ಪ್ರೊಜೆಕ್ಟರ್‌ಗೆ ಹಾಕಿ ಒಂದೇ ಗೋಡೆ ಮೇಲೆ ಬಿಟ್ಟರೆ ಬೆಳಕಿಗೆ ಬೆಳಕು ಸೇರುತ್ತದೆ, ಚಿತ್ರ ಯಾವಾಗಲೂ ಬೆಳ್ಳಗಾಗುತ್ತದೆ. ಇದು ಸ್ಕ್ರೀನ್. ಹೆಸರು ಕೂಡ ಪರದೆಯದೇ, ಅಲ್ವಾ.

ಕಂಪ್ಯೂಟರ್ ಇದನ್ನೇ ಲೆಕ್ಕದಲ್ಲಿ ಮಾಡುತ್ತದೆ. ಪ್ರತಿ ಚುಕ್ಕೆಯ ಬೆಳಕಿಗೆ 0ರಿಂದ 255ರವರೆಗೆ ಒಂದು ಅಂಕಿ. 0 ಅಂದರೆ ಕಡುಗಪ್ಪು, 255 ಅಂದರೆ ಬಿಳಿ. ಮಲ್ಟಿಪ್ಲೈನಲ್ಲಿ ಕೆಳಗಿನ ಅಂಕಿ, ಮೇಲಿನ ಅಂಕಿ ಎರಡನ್ನೂ ಗುಣಿಸಿ 255ರಿಂದ ಭಾಗಿಸುತ್ತದೆ. 128ರ ಮೇಲೆ 128 ಬಂದರೆ ಸುಮಾರು 64. ಸ್ಕ್ರೀನ್‌ನಲ್ಲಿ ಇದನ್ನೇ ತಿರುಗಿಸಿ ಮಾಡುತ್ತದೆ, ಅದೇ ಎರಡು 128 ಸೇರಿ ಸುಮಾರು 192 ಆಗುತ್ತವೆ. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಲೆಕ್ಕ.

ಇಷ್ಟರಿಂದ ಒಂದು ಮಾತು ಹೊರಡುತ್ತದೆ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಹೆಚ್ಚಿನ ಮೋಡ್‌ಗಳಲ್ಲಿ ಒಂದು ಬಣ್ಣ ಕಾಣದೇ ಹೋಗುತ್ತದೆ. ಮಲ್ಟಿಪ್ಲೈನಲ್ಲಿ ಬಿಳಿ ಮಾಯ, ಯಾಕಂದ್ರೆ 255ರಿಂದ ಗುಣಿಸಿ 255ರಿಂದ ಭಾಗಿಸಿದರೆ ಇದ್ದದ್ದೇ ಉಳಿಯುತ್ತದೆ. ಸ್ಕ್ರೀನ್‌ನಲ್ಲಿ ಕಪ್ಪು ಮಾಯ. ಓವರ್‌ಲೇ, ಸಾಫ್ಟ್ ಲೈಟ್ ಇವೆರಡರಲ್ಲಿ ನಡುವಿನ ಬೂದು ಮಾಯ, ಅಂದರೆ 128ರ ಆಸುಪಾಸು. ಬೂದಿಗಿಂತ ಬೆಳ್ಳಗಿದ್ದದ್ದು ಕೆಳಗಿನ ಫೋಟೊವನ್ನು ಬೆಳಗುತ್ತದೆ, ಬೂದಿಗಿಂತ ಕಪ್ಪಿದ್ದದ್ದು ಕಪ್ಪು ಮಾಡುತ್ತದೆ.

ಹಾಗಾದರೆ ಬಿಳಿ ಹಾಳೆ ಮೇಲೆ ಶಾಯಿಯಲ್ಲಿ ಬರೆದ ಅಕ್ಷರವನ್ನು ಫೋಟೊ ಮೇಲೆ ತರಬೇಕು ಅಂದರೆ? ಮಲ್ಟಿಪ್ಲೈ ಹಾಕಿ, ಹಾಳೆ ಹೋಗುತ್ತದೆ, ಅಕ್ಷರ ಉಳಿಯುತ್ತದೆ. ಕತ್ತಲಲ್ಲಿ ತೆಗೆದ ಪಟಾಕಿ ಕಿಡಿಯನ್ನು ಇನ್ನೊಂದು ಫೋಟೊಗೆ ತರಬೇಕೇ? ಸ್ಕ್ರೀನ್. ಕತ್ತರಿಸೋದೂ ಬೇಡ, ಅಂಚು ಉಜ್ಜೋದೂ ಬೇಡ.

ಇನ್ನೊಂದು ಸಣ್ಣ ವಿಷಯ. ಮಲ್ಟಿಪ್ಲೈ, ಸ್ಕ್ರೀನ್ ಇವೆರಡರಲ್ಲಿ ಯಾವ ಲೇಯರ್ (ಒಂದರ ಮೇಲೊಂದು ಹಾಸಿದ ಪದರ) ಮೇಲೆ, ಯಾವುದು ಕೆಳಗೆ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಓವರ್‌ಲೇಯಲ್ಲಿ ಬರುತ್ತದೆ. ಅಲ್ಲಿ ತೀರ್ಮಾನ ಮಾಡೋದು ಕೆಳಗಿನ ಫೋಟೊ: ಅದು ಕಪ್ಪಿದ್ದಲ್ಲಿ ಮಲ್ಟಿಪ್ಲೈ ಥರ, ಬೆಳ್ಳಗಿದ್ದಲ್ಲಿ ಸ್ಕ್ರೀನ್ ಥರ ಕೆಲಸ ನಡೆಯುತ್ತದೆ. ಮೇಲಿನದೇ ತೀರ್ಮಾನ ಮಾಡಲಿ ಅಂದರೆ ಅದಕ್ಕೆ ಹಾರ್ಡ್ ಲೈಟ್ ಅಂತ ಹೆಸರು.

ಯಾವ ಸಾಫ್ಟ್‌ವೇರ್ ಅಂತ ಕೇಳಿದರೆ, ಲೇಯರ್ ಇರುವ ಯಾವುದಾದರೂ ಆದೀತು. ಫೋಟೊಶಾಪ್ ಇದ್ದರೆ ಸರಿ. ಇಲ್ಲದಿದ್ದರೆ ಗಿಂಪ್ ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡುವ ಗೊಡವೆಯೇ ಬೇಡ ಅಂದರೆ ಫೋಟೊಪಿಯಾ ಬ್ರೌಸರ್‌ನಲ್ಲೇ ತೆರೆಯುತ್ತದೆ. ನಿಮ್ಮ ಫೋಟೊ ಎಲ್ಲಿಗೂ ಅಪ್‌ಲೋಡ್ ಆಗೋದಿಲ್ಲ, ಕೆಲಸ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಮೆನುಗಳು ಹೆಚ್ಚೂಕಡಿಮೆ ಫೋಟೊಶಾಪ್‌ನವೇ. ನಾನು ಜಾಸ್ತಿ ಬಳಸೋದು ಇದನ್ನೇ.

ನೆಲ, ಗೋಡೆ, ರೊಟ್ಟಿ: ಟೆಕ್ಸ್ಚರ್ ಕೂಡಿಹಾಕೋದು

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಒಮ್ಮೆ ಕಣ್ಣು ಬಿದ್ದರೆ ಎಲ್ಲೆಲ್ಲೂ ಟೆಕ್ಸ್ಚರ್ ಕಾಣಿಸುತ್ತದೆ. ಎರೆಹೊಲದ ಬಿರುಕು ಆಯಿತು. ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ ಹತ್ತಿರ ಬಿದ್ದ ಗೋಣಿಚೀಲ ಇದೆ. ಅದರ ನೇಯ್ಗೆ ಫೋಟೊ ಮೇಲೆ ಕೂತರೆ ಥೇಟ್ ಕ್ಯಾನ್ವಾಸ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಹೋದರೆ ಡೆನಿಮ್ ತುಂಡು ಸುಮ್ನೆ ಸಿಗುತ್ತದೆ, ಅದರ ಓರೆ ಗೆರೆ ಮಳೆ ಹನಿ ಥರ ಕೆಲಸ ಮಾಡುತ್ತದೆ. ಅಜ್ಜಿ ಹೊಲಿದ ಕೌದಿ ಇದೆಯಾ ಮನೆಯಲ್ಲಿ? ಅದರ ಸಣ್ಣ ಸಣ್ಣ ಓಟದ ಹೊಲಿಗೆ ಒಂದು ಮುಖದ ಹಿಂದೆ ಬಂದರೆ ಎಷ್ಟು ಚೆಂದ ಅಂತ ನೋಡೇ ತಿಳಿಯಬೇಕು. ಸಂಡೂರು ಕಡೆ ಅದಿರಿನ ಕೆಂಪು ಧೂಳು ಕೂತ ಎಲೆ, ಲಾರಿಯ ತಗಡು. ಸುಣ್ಣ ಉದುರಿದ ಗೋಡೆ. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿ. ತಮಾಷೆಗೆ ಹೇಳುತ್ತಿಲ್ಲ: ರೊಟ್ಟಿಯ ಮೈ ಬಿಳಿ, ಸುಟ್ಟ ಚುಕ್ಕೆ ಕಪ್ಪು. ಮಲ್ಟಿಪ್ಲೈಗೆ ಇದಕ್ಕಿಂತ ಒಳ್ಳೇ ಟೆಕ್ಸ್ಚರ್ ನಾನು ಕಂಡಿಲ್ಲ. ಹಳೇ ಕಾಗದದ ಕಲೆ ಥರಾನೇ ಬರುತ್ತದೆ, ಆದರೆ ಅದಕ್ಕಿಂತ ಬೆಚ್ಚಗೆ.

ತೆಗೆಯುವಾಗ ಫೋನನ್ನು ನೆಲಕ್ಕೆ ಸಮಾನಾಂತರವಾಗಿ, ನೇರ ಮೇಲಿಂದ ಹಿಡಿಯಿರಿ. ಓರೆಯಾದರೆ ಒಂದು ತುದಿ ಮಸುಕಾಗುತ್ತದೆ. ಬಟ್ಟೆ, ಚೀಲ, ಕಾಗದ ಇವನ್ನು ನೆರಳಿನಲ್ಲಿ ತೆಗೆಯಿರಿ. ನೆಲದ ಬಿರುಕು, ಬಂಡೆ ಇಂಥವಕ್ಕೆ ಮಾತ್ರ ಬೆಳಿಗ್ಗೆ ಏಳು ಗಂಟೆಯೋ ಸಂಜೆ ಐದೂವರೆಯೋ ಆಗಬೇಕು, ಅಡ್ಡ ಬಿಸಿಲಿಗೆ ಮಾತ್ರ ಆ ಉಬ್ಬುತಗ್ಗು ಎದ್ದು ಕಾಣೋದು. ಬೆಳಕು ಎಡದಿಂದಲೋ ಬಲದಿಂದಲೋ ಅಂತ ಗುರುತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಪ್ರತಿ ಟೆಕ್ಸ್ಚರ್‌ಗೂ ನಾನು ಎರಡು ಪ್ರತಿ ಮಾಡುತ್ತೇನೆ. ಮೊದಲು ಡೀಸ್ಯಾಚುರೇಟ್ ಮಾಡಿ ಬಣ್ಣ ತೆಗೆಯೋದು. ಆಮೇಲೆ ಒಂದು 'ಬೂದು' ಪ್ರತಿ: ಫಿಲ್ಟರ್ ಮೆನುವಿನಲ್ಲಿ ಹೈ ಪಾಸ್ ಅಂತ ಇದೆ, ಅದಕ್ಕೆ ದೊಡ್ಡ ಅಳತೆ ಕೊಡಿ, 4000 ಪಿಕ್ಸೆಲ್ ಅಗಲದ ಫೋಟೊಗೆ 60ರಿಂದ 80. ಹೈ ಪಾಸ್ ಏನು ಮಾಡುತ್ತದೆ ಅಂದರೆ ಒಂದು ಮೂಲೆ ಬೆಳ್ಳಗೆ ಇನ್ನೊಂದು ಮೂಲೆ ಕಪ್ಪಗೆ ಇರೋದನ್ನೆಲ್ಲ ತೆಗೆದುಹಾಕಿ, ಇಡೀ ಹಾಳೆಯನ್ನು ನಡುಬೂದಿಗೆ ತಂದು, ಬಿರುಕು ಗೆರೆಗಳನ್ನು ಮಾತ್ರ ಉಳಿಸುತ್ತದೆ. ಬೂದು ಸಾಫ್ಟ್ ಲೈಟ್‌ನಲ್ಲಿ ಮಾಯ ಅಂತ ಹೇಳಿದೆನಲ್ಲ, ಹಾಗಾಗಿ ಫೋಟೊದ ಬೆಳಕು ಕೆಡದೆ ಬಿರುಕು ಮಾತ್ರ ಬಂದು ಕೂರುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಟೆಕ್ಸ್ಚರ್ ಹಾಕಿದಾಗ ಫೋಟೊ ಮಬ್ಬಾಗುತ್ತದೆ, ಕೊಳೆಯಾದಂತೆ ಕಾಣುತ್ತದೆ ಅಂತ ಜನ ಬೇಜಾರಾಗೋದು ಈ ಒಂದು ಹೆಜ್ಜೆ ಬಿಟ್ಟಿದ್ದಕ್ಕೇ.

ಎರಡನೆಯದು 'ಬಿಳಿ' ಪ್ರತಿ, ಮಲ್ಟಿಪ್ಲೈಗೆ. ಲೆವೆಲ್ಸ್ (ಕಪ್ಪು ಬಿಳಿ ಹೊಂದಿಸುವ ಸಲಕರಣೆ) ತೆರೆದು ಬಲಗಡೆಯ ಬಿಳಿ ಗುಂಡಿಯನ್ನು ಎಡಕ್ಕೆ ಎಳೆಯಿರಿ, ಮಣ್ಣಿನ ಮೈ ಹೆಚ್ಚೂಕಡಿಮೆ ಬಿಳಿಯಾಗಿ ಬಿರುಕು ಮಾತ್ರ ಕಪ್ಪಾಗಿ ಉಳಿಯೋವರೆಗೆ. ಇದನ್ನೇ ಇನ್ವರ್ಟ್ ಮಾಡಿದರೆ, ಅಂದರೆ ಕಪ್ಪು ಬಿಳಿ ಅದಲುಬದಲು ಮಾಡಿದರೆ, ಸ್ಕ್ರೀನ್‌ಗೆ ಆಗುತ್ತದೆ, ಅದಕ್ಕೆ ಬೇರೆ ಪ್ರತಿ ಬೇಡ.

ದೊಡ್ಡಪ್ಪನ ಫೋಟೊ

ಈಗ ಅಸಲು ಕೆಲಸ. ಫೋಟೊ ತೆರೆದು ಕಂಟ್ರೋಲ್ ಜೆ ಒತ್ತಿ ನಕಲು ಲೇಯರ್ ಮಾಡಿ (ಇಲ್ಲಿನ ಶಾರ್ಟ್‌ಕಟ್‌ಗಳು ಫೋಟೊಶಾಪ್, ಫೋಟೊಪಿಯಾದವು). ಕೆಳಗಿನ ಮೂಲವನ್ನು ಮುಟ್ಟಬೇಡಿ.

ಮೊದಲು ಕಣ್ಣಿನ ಗುಳಿಯ ನೆರಳು. ನಕಲು ಲೇಯರ್‌ನ ಮೋಡ್ ಸ್ಕ್ರೀನ್ ಮಾಡಿದರೆ ಇಡೀ ಫೋಟೊ ಬೆಳ್ಳಗಾಗುತ್ತದೆ, ಹೆದರಬೇಡಿ. ಅದಕ್ಕೆ ಲೇಯರ್ ಮಾಸ್ಕ್ (ಲೇಯರ್‌ಗೆ ಹಾಕುವ ಮರೆ; ಮಾಸ್ಕ್ ಬಿಳಿ ಇದ್ದಲ್ಲಿ ಲೇಯರ್ ಕಾಣುತ್ತದೆ, ಕಪ್ಪಿದ್ದಲ್ಲಿ ಕಾಣೋದಿಲ್ಲ) ಸೇರಿಸಿ, ಮಾಸ್ಕ್ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಐ ಒತ್ತಿ. ಮಾಸ್ಕ್ ಕಪ್ಪಾಯಿತು, ಬೆಳಕು ಪೂರ್ತಿ ಮರೆಯಾಯಿತು. ಈಗ ಮೆತ್ತನೆ ಅಂಚಿನ ಬಿಳಿ ಬ್ರಶ್ ತೆಗೆದುಕೊಂಡು, ಬ್ರಶ್ಶಿನ ಒಪ್ಯಾಸಿಟಿ (ಎಷ್ಟು ದಟ್ಟ ಅನ್ನೋ ಶೇಕಡಾ ಅಳತೆ) 20ಕ್ಕೆ ಇಳಿಸಿ, ಕಣ್ಣಿನ ಕೆಳಗೆ, ಟವೆಲ್ ನೆರಳು ಬಿದ್ದ ಹಣೆ ಮೇಲೆ ಎರಡು ಮೂರು ಸಲ ಸವರಿ. ಪೂರ್ತಿ ತೆಗೆಯಬೇಡಿ. ಬಿಸಿಲಿನ ಊರಿನ ಮುಖಕ್ಕೆ ನೆರಳು ಇರಬೇಕು. ಕತ್ತಲೆ ಜಾಸ್ತಿ ಇರುವ ಫೋಟೊದಲ್ಲಿ ಸ್ಕ್ರೀನ್ ಹಾಕಿದರೆ ಕಾಳುಕಾಳು ಏಳುತ್ತದೆ, ಅಲ್ಲೂ ಮಿತವಾಗಿರಿ.

ಈಗ ಬಿರುಕಿನ 'ಬೂದು' ಪ್ರತಿ ತಂದು ಎಲ್ಲಕ್ಕಿಂತ ಮೇಲೆ ಇಡಿ. ಫೋಟೊಶಾಪ್, ಫೋಟೊಪಿಯಾದಲ್ಲಿ ಎಳೆದು ತಂದು ಬಿಟ್ಟರೆ ಆಯಿತು, ಗಿಂಪ್‌ನಲ್ಲಿ ಫೈಲ್ ಮೆನುವಿನ ಓಪನ್ ಆ್ಯಸ್ ಲೇಯರ್ಸ್. ಮೋಡ್ ಸಾಫ್ಟ್ ಲೈಟ್. ತಕ್ಷಣ ಒಂದು ವಿಷಯ ನೋಡಿ: ಬೆಳಕು ಯಾವ ಕಡೆಯಿಂದ? ದೊಡ್ಡಪ್ಪನ ಮುಖಕ್ಕೆ ಬೆಳಕು ಎಡದಿಂದ ಬಿದ್ದಿತ್ತು, ನನ್ನ ಬಿರುಕಿನ ಫೋಟೊದಲ್ಲಿ ಬಲದಿಂದ. ಹಾಗೇ ಬಿಟ್ಟರೆ ಕಣ್ಣು ಮೋಸ ಹೋಗುತ್ತದೆ, ಬಿರುಕು ಒಳಗಿಳಿದಂತೆ ಕಾಣದೆ ಹಗ್ಗದ ಥರ ಉಬ್ಬಿದಂತೆ ಕಾಣುತ್ತದೆ. ಟೆಕ್ಸ್ಚರನ್ನು ಅಡ್ಡಕ್ಕೆ ಫ್ಲಿಪ್ ಮಾಡಿದೆ, ಸರಿಹೋಯಿತು. ಇದನ್ನು ಹೆಚ್ಚಿನವರು ಗಮನಿಸೋದೇ ಇಲ್ಲ, ಆದರೆ ಚಿತ್ರ ನಿಜ ಅನಿಸೋದೂ ಅಂಟಿಸಿದ್ದು ಅನಿಸೋದೂ ಇದರ ಮೇಲೆಯೇ ನಿಂತಿದೆ.

ಒಪ್ಯಾಸಿಟಿ 45ಕ್ಕೆ ಇಳಿಸಿದೆ. ಆಮೇಲೆ ಈ ಲೇಯರ್‌ಗೂ ಮಾಸ್ಕ್. ಈ ಸಲ ಕಪ್ಪು ಬ್ರಶ್. ಕಣ್ಣು, ತುಟಿ, ಹಲ್ಲು, ಇವುಗಳ ಮೇಲಿಂದ ಬಿರುಕನ್ನು ಪೂರ್ತಿ ಒರೆಸಿ. ಕೆನ್ನೆ, ಹಣೆ ಮೇಲೆ ಅರ್ಧ ಒರೆಸಿ. ಕತ್ತು, ಅಂಗಿ, ಕೈ ಮೇಲೆ ಹಾಗೇ ಬಿಡಿ. ಇಲ್ಲಿ ಆತುರ ಬೇಡ. ನಾನು ಅರ್ಧ ಗಂಟೆ ಕೂತಿದ್ದೆ. ದೊಡ್ಡಪ್ಪನ ಹಣೆಯ ಸುಕ್ಕು ಎಲ್ಲಿ ಮುಗಿಯುತ್ತದೆ, ನೆಲದ ಬಿರುಕು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗದ ಹಾಗೆ ಟೆಕ್ಸ್ಚರನ್ನು ಸ್ವಲ್ಪ ತಿರುಗಿಸಿ, ಒಂದು ದೊಡ್ಡ ಬಿರುಕು ಹುಬ್ಬಿನ ಮೇಲಿನ ಗೆರೆಗೆ ಕೂಡುವಂತೆ ಕೂರಿಸಿದೆ. ನಲವತ್ತು ವರ್ಷ ಆ ಹೊಲದಲ್ಲಿ ನಿಂತ ಮನುಷ್ಯ ಅವರು. ಆ ಎರಡು ಗೆರೆ ಕೂಡಿದ ಜಾಗ ನೋಡಿದಾಗ ನನಗೇ ಮೈ ಜುಮ್ ಅಂದಿತು.

ಇಲ್ಲಿ ಒಂದು ತೊಡಕು ಬಂತು. ಮುಖದ ಮೇಲೆ ಬಿರುಕು ಕಾಣುತ್ತಿದೆ, ಹಿಂದಿನ ಸುಣ್ಣದ ಗೋಡೆ ಮೇಲೆ ಏನೂ ಇಲ್ಲ! ಒಪ್ಯಾಸಿಟಿ 100 ಮಾಡಿದರೂ ಇಲ್ಲ. ಕಾರಣ ಲೆಕ್ಕದಲ್ಲೇ ಇದೆ. ಬಿಸಿಲಿಗೆ ಗೋಡೆ ಪೂರ್ತಿ 255 ಆಗಿಬಿಟ್ಟಿದೆ. ಓವರ್‌ಲೇ, ಸಾಫ್ಟ್ ಲೈಟ್ ಎರಡರಲ್ಲೂ ಕೆಳಗೆ ಅಪ್ಪಟ ಬಿಳಿ ಇದ್ದರೆ ಉತ್ತರ ಬಿಳಿಯೇ, ಮೇಲೆ ಏನೇ ಇಟ್ಟರೂ. ನಮ್ಮ ಮಧ್ಯಾಹ್ನದ ಬಿಳಿಚಿದ ಆಕಾಶಕ್ಕೂ ಇದೇ ಗತಿ. ಇಂಥ ಕಡೆ ಮಲ್ಟಿಪ್ಲೈ ಬೇಕು. ಬಿಳಿ ಗುಣಿಸು ಟೆಕ್ಸ್ಚರ್ ಅಂದರೆ ಟೆಕ್ಸ್ಚರೇ. ಹಾಗಾಗಿ ಸುಟ್ಟುಹೋದ ಬಿಳಿ ಜಾಗ ತೊಂದರೆ ಅಲ್ಲ, ಖಾಲಿ ಹಾಳೆ. ಬಿರುಕಿನ 'ಬಿಳಿ' ಪ್ರತಿಯನ್ನು ಇನ್ನೊಂದು ಲೇಯರ್ ಆಗಿ ಮಲ್ಟಿಪ್ಲೈನಲ್ಲಿ 60ಕ್ಕೆ ಇಟ್ಟು, ಮಾಸ್ಕ್‌ನಲ್ಲಿ ಮನುಷ್ಯನನ್ನು ಬಿಟ್ಟು ಗೋಡೆಗೆ ಮಾತ್ರ ಉಳಿಸಿದೆ. ಬಿಳಿ ಗೋಡೆ ಹೋಗಿ ಹೊಲವೇ ಹಿಂದೆ ಎದ್ದು ನಿಂತಂತೆ ಆಯಿತು.

ಕೊನೆಗೆ ಬಣ್ಣ. ಒಂದು ಹೊಸ ಲೇಯರ್‌ಗೆ ಕೆಮ್ಮಣ್ಣಿನ ಬಣ್ಣ ತುಂಬಿ: ಕೆಂಪು 170, ಹಸಿರು 85, ನೀಲಿ 50 ಸುಮಾರಿಗೆ. ನಿಮ್ಮದೇ ಮಣ್ಣಿನ ಫೋಟೊ ಇದ್ದರೆ ಐಡ್ರಾಪರ್‌ನಲ್ಲಿ ಅಲ್ಲಿಂದಲೇ ಎತ್ತಿಕೊಳ್ಳಿ, ಅದು ಇನ್ನೂ ಒಳ್ಳೇದು. ಮೋಡ್ ಸಾಫ್ಟ್ ಲೈಟ್, ಒಪ್ಯಾಸಿಟಿ 15ರಿಂದ 20. ಇಷ್ಟರಿಂದ ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಫೋಟೊ ಒಂದೇ ಬೆಳಕಿನಲ್ಲಿ ನಿಂತಂತೆ ಕಾಣುತ್ತವೆ.

ಸ್ಟುಡಿಯೊದ ಬಣ್ಣ ಹಚ್ಚಿದ ಫೋಟೊ

ಹಳೇ ಮನೆಗಳ ಗೋಡೆ ಮೇಲೆ ನೋಡಿರುತ್ತೀರಿ: ಕಪ್ಪುಬಿಳುಪು ಫೋಟೊ, ಅದರ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದು. ಸೀರೆಗೆ ಕೆಂಪು, ಕೆನ್ನೆಗೆ ನಸುಗುಲಾಬಿ, ಒಡವೆಗೆ ಹಳದಿ. ಸ್ಟುಡಿಯೊದವರು ಪಾರದರ್ಶಕ ಬಣ್ಣ ಬಳಸುತ್ತಿದ್ದರು, ಹಾಗಾಗಿ ಬಣ್ಣದ ಕೆಳಗೆ ಫೋಟೊದ ನೆರಳು ಬೆಳಕು ಹಾಗೇ ಕಾಣುತ್ತಿತ್ತು. ಕಲರ್ ಅನ್ನೋ ಬ್ಲೆಂಡ್ ಮೋಡ್ ಮಾಡೋದು ಅದನ್ನೇ. ಬಣ್ಣ ಮೇಲಿನ ಲೇಯರ್‌ನದು, ಬೆಳಕು ಕೆಳಗಿನದು.

ಫೋಟೊವನ್ನು ಕಪ್ಪುಬಿಳುಪು ಮಾಡಿ, ಆದರೆ ಇಮೇಜ್ ಮೋಡ್ ಆರ್‌ಜಿಬಿಯಲ್ಲೇ ಇರಲಿ. ಗ್ರೇಸ್ಕೇಲ್‌ಗೆ ಬದಲಾಯಿಸಿದರೆ ಬಣ್ಣ ಬರೋದೇ ಇಲ್ಲ. ಮೇಲೆ ಖಾಲಿ ಲೇಯರ್, ಮೋಡ್ ಕಲರ್. ಗಿಂಪ್‌ನಲ್ಲಿ ಎಲ್‌ಸಿಎಚ್ ಕಲರ್ ಅಂತ ಇರೋದನ್ನು ಆರಿಸಿ, ಚರ್ಮದ ಬಣ್ಣ ಅದರಲ್ಲಿ ಚೆನ್ನಾಗಿ ಬರುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಲೇಯರ್ ಇಟ್ಟುಕೊಂಡರೆ ಆಮೇಲೆ ಒಂದೊಂದನ್ನೇ ಏರಿಸಿ ಇಳಿಸಬಹುದು.

ಬಣ್ಣ ಯಾವುದು ಅಂತ ತೋಚದಿದ್ದರೆ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಚಿತ್ರಗಾರರು ಮರದ ಗೊಂಬೆಗಳಿಗೆ ಹಚ್ಚುವ ಆ ಕೆಂಪು, ಆ ಹಸಿರು, ಆ ಹಳದಿ ಎಷ್ಟು ಧೈರ್ಯವಾಗಿ ಪಕ್ಕಪಕ್ಕ ಕೂರುತ್ತವೆ ನೋಡಿ. ಅಲ್ಲಿಂದ ನಾಲ್ಕು ಬಣ್ಣ ಐಡ್ರಾಪರ್‌ನಲ್ಲಿ ಎತ್ತಿಕೊಂಡು ನನ್ನ ಅತ್ತೆಯ ಮದುವೆ ಫೋಟೊಗೆ ಹಚ್ಚಿದ್ದೇನೆ. ಒಂದು ಎಚ್ಚರ: ಕಲರ್ ಮೋಡ್‌ನಲ್ಲಿ ಅಪ್ಪಟ ಬಿಳಿಗೂ ಕಡುಗಪ್ಪಿಗೂ ಬಣ್ಣ ಹತ್ತೋದಿಲ್ಲ. ಬಿಳಿ ಪಂಚೆಗೆ ಬಣ್ಣ ಬೇಕಾದರೆ ಅಲ್ಲಿ ಮಲ್ಟಿಪ್ಲೈ.

ಪೆನ್ಸಿಲ್ ಗೆರೆ

ರಾಯಚೂರು ಕೋಟೆ ನೋಡಿದ್ದೀರಾ? 1294ರ ಶಾಸನ ಇರುವ ಆ ಉದ್ದನೆ ಕಲ್ಲು, ಅದನ್ನು ಬಂಡಿ ಮೇಲೆ ಎಳೆದು ತಂದ ದೃಶ್ಯವನ್ನು ಗೋಡೆಯಲ್ಲೇ ಗೆರೆಗಳಲ್ಲಿ ಕೊರೆದಿದ್ದಾರೆ. ಬರೀ ಗೆರೆ. ನೆರಳಿಲ್ಲ, ಬಣ್ಣವಿಲ್ಲ. ಆದರೂ ಬಂಡಿಯ ಭಾರ ತಿಳಿಯುತ್ತದೆ. ಅದನ್ನು ನೋಡಿದ ಮೇಲೆ ಕೋಟೆಯ ನನ್ನ ಫೋಟೊಗಳನ್ನೂ ಗೆರೆಯಲ್ಲೇ ತರಬೇಕು ಅನಿಸಿತು.

ಮಾಡೋದು ಸುಲಭ. ಫೋಟೊ ಕಪ್ಪುಬಿಳುಪು ಮಾಡಿ. ನಕಲು ಮಾಡಿ, ನಕಲನ್ನು ಇನ್ವರ್ಟ್ ಮಾಡಿ, ಮೋಡ್ ಕಲರ್ ಡಾಡ್ಜ್. ಇಡೀ ಪರದೆ ಬಿಳಿಯಾಗಿಬಿಡುತ್ತದೆ. ಅದು ಸರಿಯೇ. ಕಲರ್ ಡಾಡ್ಜ್ ಕೆಳಗಿನ ಬೆಳಕನ್ನು ಮೇಲಿನದರ ತಿರುಗುಮುರುಗಿನಿಂದ ಭಾಗಿಸುತ್ತದೆ. ಮೇಲಿನದು ಕೆಳಗಿನದರದೇ ತಿರುಗುಮುರುಗು, ಹಾಗಾಗಿ ಅದನ್ನು ಅದರಿಂದಲೇ ಭಾಗಿಸಿದಂತೆ, ಎಲ್ಲ ಕಡೆ ಒಂದು, ಅಂದರೆ ಬಿಳಿ. ಈಗ ಮೇಲಿನ ಲೇಯರ್‌ಗೆ ಗಾಸಿಯನ್ ಬ್ಲರ್ (ಮಸುಕು ಮಾಡುವ ಫಿಲ್ಟರ್) ಕೊಡುತ್ತಾ ಹೋಗಿ. ಎಲ್ಲೆಲ್ಲಿ ಅಂಚು ಇದೆಯೋ ಅಲ್ಲಿ ಲೆಕ್ಕ ತಪ್ಪುತ್ತದೆ, ಆ ತಪ್ಪಿದ ಜಾಗದಲ್ಲಿ ಪೆನ್ಸಿಲ್ ಗೆರೆ ಹುಟ್ಟುತ್ತದೆ. 8 ಪಿಕ್ಸೆಲ್‌ಗೆ ಸಣ್ಣ ಚೂಪು ಗೆರೆ, 30ಕ್ಕೆ ಇದ್ದಿಲಿನಲ್ಲಿ ಉಜ್ಜಿದಂತೆ. ಕೋಟೆ ಗೋಡೆಗೆ ನನಗೆ 14 ಸರಿಯಾಯಿತು. ಇಟಗಿಯ ಮಹಾದೇವ ದೇವಾಲಯದ ಫೋಟೊಗೆ ಇದು ಹೊಂದಲಿಲ್ಲ. 1112ರ ಆ ಗುಡಿಯಲ್ಲಿ ಬಳಪದ ಕಲ್ಲಿನ ಕೆತ್ತನೆ ಎಷ್ಟು ಸೂಕ್ಷ್ಮ ಅಂದರೆ ಗೆರೆ ಮೇಲೆ ಗೆರೆ ಬಂದು ಕಿಕ್ಕಿರಿಯಿತು. ಒಂದೇ ಕಂಬ, ಒಂದೇ ಬಾಗಿಲುವಾಡ ಹತ್ತಿರದಿಂದ ತೆಗೆದರೆ ಬರುತ್ತದೆ.

ಗೆರೆ ತೆಳುವಾದರೆ ಎಲ್ಲ ಕೂಡಿಸಿ ಒಂದು ಲೇಯರ್ ಮಾಡಿ, ಅದರ ನಕಲನ್ನು ಅದರ ಮೇಲೇ ಮಲ್ಟಿಪ್ಲೈ ಮಾಡಿ. ಮೇಲೊಂದು ರೊಟ್ಟಿ ಟೆಕ್ಸ್ಚರ್ ಹಾಕಿದರೆ ಕಾಗದವೂ ಬಂತು.

ಗದ್ದೆಯ ಮಂಜು, ಜಾತ್ರೆಯ ದೀಪ

ಗಂಗಾವತಿ ಕಡೆ ಬೆಳಗಿನ ಭತ್ತದ ಗದ್ದೆ ತೆಗೆದಿದ್ದರೆ ಆರ್ಟನ್ ಎಫೆಕ್ಟ್ ಮಾಡಿ ನೋಡಿ. 1980ರ ದಶಕದಲ್ಲಿ ಕೆನಡಾದ ಮೈಕೇಲ್ ಆರ್ಟನ್ ಅನ್ನೋ ಛಾಯಾಗ್ರಾಹಕರು ಒಂದೇ ದೃಶ್ಯದ ಎರಡು ಸ್ಲೈಡ್ ತೆಗೆಯುತ್ತಿದ್ದರು, ಒಂದು ಸ್ಪಷ್ಟ, ಒಂದು ಫೋಕಸ್ ತಪ್ಪಿಸಿದ್ದು, ಎರಡಕ್ಕೂ ಬೆಳಕು ಜಾಸ್ತಿ ಕೊಟ್ಟು. ಆಮೇಲೆ ಎರಡನ್ನೂ ಜೋಡಿಸಿ ಒಂದೇ ಮಾಡುತ್ತಿದ್ದರು. ನಾವು ಮಾಡೋದೂ ಅದೇ ಕ್ರಮದಲ್ಲಿ. ನಕಲು ಲೇಯರ್ ಸ್ಕ್ರೀನ್, ಎರಡನ್ನೂ ಮರ್ಜ್. ಬೆಳಕು ಜಾಸ್ತಿಯಾಯಿತು. ಇದರ ನಕಲಿಗೆ 25 ಪಿಕ್ಸೆಲ್ ಗಾಸಿಯನ್ ಬ್ಲರ್, ಮೋಡ್ ಮಲ್ಟಿಪ್ಲೈ. ಗದ್ದೆ ಕನಸಿನಲ್ಲಿ ಕಂಡಂತೆ ಹೊಳೆಯುತ್ತದೆ. ಮುಖಗಳಿಗೆ ಮಾತ್ರ ಬೇಡ, ಮೇಣದ ಗೊಂಬೆ ಥರ ಆಗುತ್ತವೆ.

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬಂದಾಗ ಟ್ರೈಪಾಡ್ ಒಯ್ಯಿರಿ. ತೆಪ್ಪೋತ್ಸವದ ದೀಪಗಳನ್ನು ಅಲುಗಾಡದ ಕ್ಯಾಮೆರಾದಿಂದ ಇಪ್ಪತ್ತು ಸಲ ತೆಗೆಯಿರಿ. ಎಲ್ಲವನ್ನೂ ಲೇಯರ್ ಆಗಿ ತೆರೆದು, ತಳದ್ದೊಂದನ್ನು ಬಿಟ್ಟು ಉಳಿದವಕ್ಕೆ ಲೈಟನ್ ಕೊಡಿ. ಸ್ಕ್ರೀನ್ ಕೊಟ್ಟರೆ ಇಪ್ಪತ್ತು ಆಕಾಶ ಸೇರಿ ಬೆಳ್ಳಗಾಗುತ್ತದೆ. ಲೈಟನ್ ಹಾಗಲ್ಲ, ಎರಡರಲ್ಲಿ ಯಾವುದು ಬೆಳ್ಳಗಿದೆಯೋ ಅದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಕೂಡಿಸೋದಿಲ್ಲ. ಆಕಾಶ ಕಪ್ಪಾಗೇ ಉಳಿದು, ನೀರಿನ ಮೇಲೆ ದೀಪ ಸಾಗಿದ ದಾರಿ ಪೂರ್ತಿ ಮೂಡುತ್ತದೆ.

ಫೋನ್ ಒಂದೇ ಇದ್ದರೆ

ಸ್ನ್ಯಾಪ್‌ಸೀಡ್‌ನಲ್ಲಿ ಡಬಲ್ ಎಕ್ಸ್‌ಪೋಶರ್ ಅಂತ ಇದೆ. ಫೋಟೊ ತೆರೆದು ಅದರಲ್ಲಿ ಟೆಕ್ಸ್ಚರ್ ಸೇರಿಸಿ, ಓವರ್‌ಲೇ, ಲೈಟನ್, ಡಾರ್ಕನ್ ಇವುಗಳಲ್ಲಿ ಒಂದು ಆರಿಸಿ, ಸ್ಲೈಡರ್ ಎಳೆದು ಎಷ್ಟು ಬೇಕೋ ಅಷ್ಟು ಇಡಿ. ಇದರಲ್ಲಿ ಮಲ್ಟಿಪ್ಲೈ ಇಲ್ಲ. ಬಿಳಿ ಗೋಡೆ, ಬಿಳಿ ಆಕಾಶಕ್ಕೆ ಡಾರ್ಕನ್ ಹತ್ತಿರದ ಕೆಲಸ ಮಾಡುತ್ತದೆ. ಪಿಕ್ಸ್‌ಆರ್ಟ್‌ನಲ್ಲಿ ಆ್ಯಡ್ ಫೋಟೊ ಮಾಡಿ ಬ್ಲೆಂಡ್ ಒತ್ತಿದರೆ ಮಲ್ಟಿಪ್ಲೈ, ಸ್ಕ್ರೀನ್, ಓವರ್‌ಲೇ ಎಲ್ಲ ಸಿಗುತ್ತವೆ, ಎರೇಸರ್‌ನಿಂದ ಮುಖದ ಮೇಲಿನದನ್ನು ಒರೆಸಬಹುದು.

ಪ್ರಿಂಟ್ ಹಾಕಿಸುವಾಗ

ಇದನ್ನು ಹೇಳಲೇಬೇಕು, ಯಾಕಂದ್ರೆ ನಾನು ದುಡ್ಡು ಕಳೆದುಕೊಂಡಿದ್ದೇನೆ. ಫೋನ್ ಪರದೆಯ ಬ್ರೈಟ್‌ನೆಸ್ ಪೂರ್ತಿ ಇಟ್ಟುಕೊಂಡು ಮಲ್ಟಿಪ್ಲೈ ಮೇಲೆ ಮಲ್ಟಿಪ್ಲೈ ಹಾಕಿದ್ದೆ, ನೋಡೋಕೆ ಅದ್ಭುತವಾಗಿತ್ತು. 12×18 ಪ್ರಿಂಟ್ ಬಂದಾಗ ದೊಡ್ಡಪ್ಪನ ಟವೆಲ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಲ್ಯಾಬಿನವರು ಕಳಿಸಿದ್ದನ್ನು ಹಾಗೇ ಹಾಕಿಕೊಟ್ಟಿದ್ದರು. ಪರದೆ ತಾನೇ ಬೆಳಕು ಬಿಡುತ್ತದೆ, ಕಾಗದ ಬಿಡೋದಿಲ್ಲ. ಹಾಗಾಗಿ ಪ್ರಿಂಟ್‌ಗೆ ಮೊದಲು ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ನೋಡಿ. ಲೇಯರ್ ಸಮೇತ ಪಿಎಸ್‌ಡಿಯಾಗಿ ಒಂದು ಪ್ರತಿ ಇಟ್ಟುಕೊಳ್ಳಿ, ಗಿಂಪ್ ಆದರೆ ಎಕ್ಸ್‌ಸಿಎಫ್. ಎಲ್ಲಕ್ಕಿಂತ ಮೇಲೆ ಒಂದು ಕರ್ವ್ಸ್ (ಬೆಳಕು ಏರಿಸಿ ಇಳಿಸುವ ಗೆರೆ) ಸೇರಿಸಿ ನಡುವನ್ನು ಸ್ವಲ್ಪ ಎತ್ತಿ, ಮೊದಲು 4×6ರಲ್ಲಿ ಒಂದು ಟೆಸ್ಟ್ ಪ್ರಿಂಟ್ ಹಾಕಿಸಿ, ಅದನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಫೋಟೊ ತೂಗುಹಾಕುವ ಗೋಡೆ ಮೇಲೇ ಹಿಡಿದು ನೋಡಿ. ದೊಡ್ಡಪ್ಪನ ಪಡಸಾಲೆಯಲ್ಲಿ ಒಂದೇ ಕಿಟಕಿ. ಅಲ್ಲಿಗೆ ಮೂರನೇ ಟೆಸ್ಟ್ ಪ್ರಿಂಟ್ ಸರಿಹೋಯಿತು, ಕರ್ವ್ಸ್‌ನ ನಡುಬಿಂದು 128ರಿಂದ 150ಕ್ಕೆ, ಮ್ಯಾಟ್ ಕಾಗದದ ಮೇಲೆ.